ಇನ್ವರ್ಟರ್‌ಗೂ ಒಂದು ಪಹಣಿ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ 20 ಮೆಗಾವ್ಯಾಟ್ ಸೋಲಾರ್ ಪ್ಲಾಂಟ್‌ನಲ್ಲಿ ಸೈಟ್ ಎಂಜಿನಿಯರ್. ಹಳೆಯ ಇನ್ವರ್ಟರ್‌ಗಳನ್ನು (ಪ್ಯಾನೆಲ್‌ನ ಡಿಸಿ ಕರೆಂಟನ್ನು ಗ್ರಿಡ್‌ಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆಗಳು) ತೆಗೆದು ಹೊಸವು ಹಾಕುತ್ತಿದ್ದೇವೆ, ಜೊತೆಗೆ ಹೊಸ ಸ್ಕಾಡಾ (ಕಂಪ್ಯೂಟರ್‌ನಿಂದ ಪ್ಲಾಂಟ್ ಮೇಲೆ ನಿಗಾ ಇಟ್ಟು ನಿಯಂತ್ರಿಸುವ ವ್ಯವಸ್ಥೆ) ಕೂಡ. ಆಡಿಟ್‌ಗೆ ಬಂದವರು ‘ಎಸ್‌ಬಿಒಎಂ ಎಲ್ಲಿ?’, ಅಂದರೆ ಸಾಫ್ಟ್‌ವೇರ್ ಒಳಗೆ ಏನೇನಿದೆ ಎಂಬ ಪಟ್ಟಿ ಎಲ್ಲಿ, ಎಂದು ಕೇಳಿದರು. ವೆಂಡರ್‌ಗೆ ಹೇಳಿದ್ದಕ್ಕೆ ಒಂದು ಪುಟದ ಪಿಡಿಎಫ್ ಕಳಿಸಿದರು. ಅದರಲ್ಲಿ ಹನ್ನೊಂದು ಹೆಸರಿವೆ, ಉಳಿದದ್ದು ಕಂಪನಿಯ ಗುಟ್ಟು ಅಂತಾರೆ. ನಮ್ಮ ಮ್ಯಾನೇಜರ್ ಸಾಹೇಬ್ರು ‘ಫೈಲಿಗೆ ಹಚ್ಚಿ ಸುಮ್ನಿರಮ್ಮ, ಆಡಿಟ್ ಮುಗೀತು’ ಅಂತಾರೆ. ಸರ್, ಇದು ಬರೀ ಕಾಗದದ ಕೆಲಸವೇ? ಒಳಗೆ ಏನೇನಿದೆ ಅಂತ ಪಟ್ಟಿ ಮಾಡಿಟ್ಟರೆ ಕಳ್ಳರಿಗೆ ಕೀಲಿ ಕೊಟ್ಟಂಗಾಗಲ್ವಾ? ನಾನು ಎಲೆಕ್ಟ್ರಿಕಲ್ ಓದಿದವಳು, ಸಾಫ್ಟ್‌ವೇರ್ ಅಷ್ಟಕ್ಕಷ್ಟೇ. ನಾನೇನು ಮಾಡಲಿ?

ಉತ್ತರ: ನೀವು ಜೊತೆಗೆ ಕಳಿಸಿದ್ದ ಪಿಡಿಎಫ್ ನೋಡಿದೆ. ಹನ್ನೊಂದರಲ್ಲಿ ಒಂಬತ್ತಕ್ಕೆ ಆವೃತ್ತಿ ಸಂಖ್ಯೆಯೇ ಇಲ್ಲ. ‘ಲಿನಕ್ಸ್’, ‘ಓಪನ್‌ಎಸ್‌ಎಸ್‌ಎಲ್’, ‘ಡೇಟಾಬೇಸ್’ ಎಂದಷ್ಟೇ ಬರೆದಿದ್ದಾರೆ. ಹನ್ನೊಂದನೆಯ ಸಾಲು ‘ಇತರೆ’. ‘ಇತರೆ’ ಎಂಬುದಕ್ಕೂ ಕ್ರಮಸಂಖ್ಯೆ ಕೊಟ್ಟು ಲೆಕ್ಕ ತುಂಬಿಸಿದ ಆ ಪುಣ್ಯಾತ್ಮನಿಗೆ ದೊಡ್ಡ ನಮಸ್ಕಾರ. ಯಾವ ಮಾಡೆಲ್‌ನ ಇನ್ವರ್ಟರ್‌ಗೆ, ಯಾವ ಫರ್ಮ್‌ವೇರ್‌ಗೆ (ಯಂತ್ರದೊಳಗೇ ಕೂರಿಸಿದ ತಂತ್ರಾಂಶ), ಯಾವ ದಿನಾಂಕಕ್ಕೆ ಈ ಪಟ್ಟಿ ಎಂಬುದೂ ಇಲ್ಲ. ಹಾಗಾಗಿ ನಿಮ್ಮ ಮ್ಯಾನೇಜರ್ ಹೇಳಿದ್ದು ಅರ್ಧ ಸರಿ. ನಿಮಗೆ ಕೊಟ್ಟಿರುವುದು ಬರೀ ಕಾಗದವೇ. ಆದರೆ ನೀವು ಕೇಳಿದ್ದು ಕಾಗದವನ್ನಲ್ಲ.

ಎಸ್‌ಬಿಒಎಂ ಅಂದರೆ ಸಾಫ್ಟ್‌ವೇರ್ ಬಿಲ್ ಆಫ್ ಮೆಟೀರಿಯಲ್ಸ್. ಇದನ್ನು ಬಿಸ್ಕೆಟ್ ಪೊಟ್ಟಣದ ಮೇಲಿನ ‘ಮೈದಾ, ಸಕ್ಕರೆ, ತಾಳೆಎಣ್ಣೆ’ ಪಟ್ಟಿಗೆ ಹೋಲಿಸಿ ವಿವರಿಸುವುದು ವಾಡಿಕೆ. ನನಗೆ ಆ ಹೋಲಿಕೆ ಅಷ್ಟು ರುಚಿಸುವುದಿಲ್ಲ. ನಮ್ಮ ಕಡೆಯವರಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿರುವ ಕಾಗದ ಒಂದಿದೆ: ಪಹಣಿ.

ನಿಮ್ಮ ಪ್ಲಾಂಟ್ ನಿಂತ ಜಾಗ ಯಾರದೋ ಹೊಲವಾಗಿತ್ತಲ್ಲ? ಲೀಸ್ ಮಾಡಿಕೊಳ್ಳುವಾಗ ಕಂಪನಿಯ ವಕೀಲರು ಏನೆಲ್ಲ ಕೇಳಿದ್ದರೆಂದು ಹಳಬರನ್ನು ವಿಚಾರಿಸಿ. ವರ್ಷಗಟ್ಟಲೆ ಹಿಂದಿನ ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಸರ್ವೆ ನಕ್ಷೆ. ಒಂಬತ್ತನೇ ಕಾಲಂನಲ್ಲಿ ಖಾತೆದಾರ ಯಾರು, ಹನ್ನೊಂದರಲ್ಲಿ ಸಾಲಗೀಲ ಏನಿದೆ, ಹನ್ನೆರಡರಲ್ಲಿ ಸಾಗುವಳಿ ಮಾಡುವವನು ಯಾರು, ಎಲ್ಲ ನೋಡಿಯೇ ಸಹಿ ಹಾಕಿರುತ್ತಾರೆ. ನೆಲದ ವಿಷಯದಲ್ಲಿ ಇಷ್ಟು ಜಾಗ್ರತೆ. ಅದೇ ನೆಲದ ಮೇಲೆ ಕೂತು ದಿನವಿಡೀ ಗ್ರಿಡ್‌ಗೆ ಕರೆಂಟ್ ದೂಡುವ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ಯಾರದು, ಯಾರು ಉಳುಮೆ ಮಾಡುತ್ತಿದ್ದಾರೆ ಎಂದು ಒಬ್ಬರೂ ಕೇಳಿರುವುದಿಲ್ಲ.

ಈ ಹೋಲಿಕೆ ಇನ್ನೊಂದು ಕಾರಣಕ್ಕೂ ಹೊಂದುತ್ತದೆ. ಬಿಸ್ಕೆಟ್‌ನೊಳಗಿನ ಮೈದಾ ಮಾರಾಟವಾದ ಮೇಲೆ ಬದಲಾಗುವುದಿಲ್ಲ. ಪಹಣಿ ಹಾಗಲ್ಲ, ಇಂದು ಶುದ್ಧವಿದ್ದ ಹೊಲದ ಮೇಲೆ ನಾಳೆ ಸಾಲ ಬೀಳಬಹುದು. ಸಾಫ್ಟ್‌ವೇರ್ ಕೂಡ ಹಾಗೆಯೇ. ಇವತ್ತು ನಿರ್ದೋಷಿಯಾಗಿ ಕಂಡ ತುಣುಕಿನಲ್ಲಿ ಆರು ತಿಂಗಳ ಮೇಲೆ ಯಾರೋ ಒಂದು ತೂತು ಹುಡುಕುತ್ತಾರೆ. ಪೆಟ್ಟಿಗೆಯಲ್ಲಿ ಒಂದು ಅಕ್ಷರವೂ ಬದಲಾಗಿರುವುದಿಲ್ಲ, ಆದರೂ ಅದು ಅಪಾಯದ ಪೆಟ್ಟಿಗೆ ಆಗಿಬಿಟ್ಟಿರುತ್ತದೆ. ಎಸ್‌ಬಿಒಎಂನಲ್ಲಿ ಒಂಬತ್ತು ಮತ್ತು ಹನ್ನೆರಡನೇ ಕಾಲಂ ಇರುತ್ತವೆ, ಹನ್ನೊಂದು ಖಾಲಿ. ಆ ಸಾಲದ ಕಾಲಂ ಅನ್ನು ದಿನದಿನ ತುಂಬಿಕೊಳ್ಳುವ ಕೆಲಸ ಪಟ್ಟಿ ಇಟ್ಟುಕೊಂಡವರದು. ಆದ್ದರಿಂದ ಈ ಪಟ್ಟಿ ಓದಿ ಮುಗಿಸುವ ವಸ್ತುವಲ್ಲ. ಮುಂದೊಂದು ದಿನ ಪ್ರಶ್ನೆ ಕೇಳಲಿಕ್ಕೆ ಇಟ್ಟುಕೊಳ್ಳುವಂಥದ್ದು. ಕೇಳಿದಾಗ ಉತ್ತರ ಕೊಡದ ಪಟ್ಟಿ ನೂರು ಪುಟ ಇದ್ದರೂ ವ್ಯರ್ಥ.

ಪೆಟ್ಟಿಗೆಯೊಳಗೆ ಯಾರ್ಯಾರು ಕೂತಿರುತ್ತಾರೆ ಎನ್ನುವುದಕ್ಕೆ ಬರುತ್ತೇನೆ. ಇನ್ವರ್ಟರ್ ಮೇಲೆ ಒಂದೇ ಕಂಪನಿಯ ಹೆಸರಿರುತ್ತದೆ. ಒಳಗೆ ಸ್ವಿಚಿಂಗ್ ನಿಯಂತ್ರಿಸುವ ಚಿಪ್‌ನ ಪ್ರೋಗ್ರಾಂ ಅವರದೇ ಆಗಿರಬಹುದು. ಆದರೆ ಸಂಪರ್ಕದ ಬೋರ್ಡ್ ಇನ್ನೊಬ್ಬರದು, ಅದರ ಮೇಲೆ ಓಡುವ ಪುಟ್ಟ ಆಪರೇಟಿಂಗ್ ಸಿಸ್ಟಂ ಮತ್ತೊಬ್ಬರದು, ಯಂತ್ರಗಳ ನಡುವಿನ ಭಾಷೆಯಾದ ಮೋಡ್‌ಬಸ್ ಮಾತಾಡಿಸುವ ಲೈಬ್ರರಿ (ಸಿದ್ಧ ಪ್ರೋಗ್ರಾಂ ತುಣುಕು) ಎಲ್ಲಿಂದಲೋ ಲೈಸೆನ್ಸ್ ತಂದದ್ದು, ಗೂಢಲಿಪಿಯ ಭಾಗ ಜಗತ್ತೆಲ್ಲ ಬಳಸುವ ಉಚಿತ ತಂತ್ರಾಂಶ, ಮೋಡೆಮ್‌ನೊಳಗಿನ ಫರ್ಮ್‌ವೇರ್ ಮೋಡೆಮ್ ಮಾಡಿದವರದು. ಮೇಲೆ ಅಂಕಿಅಂಶ ದಾಖಲಿಸುವ ಡೇಟಾ ಲಾಗರ್, ಅದರ ಮೇಲೆ ಸ್ಕಾಡಾ, ಸ್ಕಾಡಾ ಕೆಳಗೆ ವಿಂಡೋಸ್, ಪಕ್ಕದಲ್ಲಿ ರಿಪೋರ್ಟ್ ತೆಗೆಯುವ ಸರ್ವರ್. ಬೀದರ್‌ನ ಕರೇಜ್ ನೋಡಿದ್ದೀರಾ? ಬಹಮನಿಗಳ ಕಾಲದ್ದು, ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ್ದಾರೆ, ನಡುನಡುವೆ ಬಾವಿಯ ಹಾಗೆ ನೇರ ಕಿಂಡಿ. ಆ ಕಿಂಡಿಗಳಿಲ್ಲದೆ ಹೋಗಿದ್ದರೆ ಕೆಳಗೆ ಎಲ್ಲಿ ಹೂಳು ಕಟ್ಟಿದೆ ಎಂದು ಮೇಲೆ ನಿಂತವನಿಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ನಾವು ಖರೀದಿಸುವ ಯಂತ್ರಗಳಲ್ಲಿ ಸುರಂಗ ಮಾತ್ರ ಇದೆ, ಕಿಂಡಿ ಇಲ್ಲ.

2020ರ ಜೂನ್‌ನಲ್ಲಿ ಇದು ಬಯಲಾದ ರೀತಿ ನೋಡಿ. ಇಸ್ರೇಲಿನ ಜೆಎಸ್‌ಒಎಫ್ ಎಂಬ ಸಂಶೋಧಕರ ತಂಡ ‘ರಿಪಲ್20’ ಹೆಸರಿನಲ್ಲಿ 19 ದೋಷಗಳನ್ನು ಪ್ರಕಟಿಸಿತು. ದೋಷ ಇದ್ದದ್ದು ಅಮೆರಿಕದ ಸಿನ್ಸಿನಾಟಿಯ ಟ್ರೆಕ್ ಎಂಬ ಪುಟ್ಟ ಕಂಪನಿಯ ಲೈಬ್ರರಿಯಲ್ಲಿ. ಯಂತ್ರವನ್ನು ನೆಟ್‌ವರ್ಕ್‌ಗೆ ಜೋಡಿಸುವ ಟಿಸಿಪಿ-ಐಪಿ ಲೈಬ್ರರಿ ಅದು. ಟ್ರೆಕ್ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ, ನಾನೂ ಕೇಳಿರಲಿಲ್ಲ. ಆದರೆ ಇಪ್ಪತ್ತು ವರ್ಷಗಳಲ್ಲಿ ಆ ಲೈಬ್ರರಿ ಒಬ್ಬರಿಂದ ಒಬ್ಬರ ಕೈಗೆ ಹೋಗಿ ಶ್ನೈಡರ್, ಎಚ್‌ಪಿ, ಇಂಟೆಲ್, ರಾಕ್‌ವೆಲ್ ಅಂಥ ದೊಡ್ಡ ಹೆಸರುಗಳ ಉತ್ಪನ್ನಗಳೊಳಗೆ ಸೇರಿತ್ತು. ಯುಪಿಎಸ್, ಕೈಗಾರಿಕಾ ನಿಯಂತ್ರಕ, ಪ್ರಿಂಟರ್, ಆಸ್ಪತ್ರೆಯ ಪಂಪು, ಎಲ್ಲದರಲ್ಲೂ. ಎಷ್ಟೋ ತಯಾರಕರಿಗೆ ತಮ್ಮ ಸರಕಿನೊಳಗೆ ಟ್ರೆಕ್ ಇದೆ ಎಂಬುದೇ ಗೊತ್ತಿರಲಿಲ್ಲ, ಯಾಕೆಂದರೆ ಅವರು ತಂದದ್ದು ಇನ್ಯಾರದೋ ಬೋರ್ಡ್, ಆ ಬೋರ್ಡಿನವರು ತಂದದ್ದು ಮತ್ಯಾರದೋ ಲೈಬ್ರರಿ. ದೋಷ ಸಿಕ್ಕ ಮೇಲೆ ಸರಿಪಡಿಸುವುದಕ್ಕಿಂತ, ಅದು ಎಲ್ಲೆಲ್ಲಿ ಇದೆ ಎಂದು ಪತ್ತೆ ಹಚ್ಚುವುದೇ ದೊಡ್ಡ ಕೆಲಸವಾಯಿತು.

ನನ್ನದೇ ಅನುಭವ ಹೇಳುತ್ತೇನೆ. 2021ರ ಡಿಸೆಂಬರ್ 10, ಶುಕ್ರವಾರ. ಆಗ ನಾನು ಬೀದರ್ ಕಡೆಯ ಒಂದು ಪ್ಲಾಂಟ್‌ಗೆ ಸಲಹೆಗಾರನಾಗಿ ಹೋಗಿಬರುತ್ತಿದ್ದೆ. ರಾತ್ರಿ ಊಟಕ್ಕೆ ಕೂತಾಗ ಫೋನ್ ಶುರುವಾಯಿತು: ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ದೋಷ ಸಿಕ್ಕಿದೆ, ಹೊರಗಿನವರು ಒಂದು ಸಾಲು ಅಕ್ಷರ ಕಳಿಸಿ ಇಡೀ ಸರ್ವರ್ ಹಿಡಿಯಬಹುದು, ತೀವ್ರತೆ ಹತ್ತಕ್ಕೆ ಹತ್ತು. ‘ನಮ್ಮಲ್ಲಿ ಅದು ಐತೇನ್ರಿ?’ ಎಂದು ಪ್ಲಾಂಟ್‌ನ ಮುಖ್ಯಸ್ಥರು ಕೇಳಿದರು. ಎರಡು ಮಾತಿನ ಪ್ರಶ್ನೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ಮೂವತ್ತು ವರ್ಷ ರಿಲೇ, ಸ್ಕಾಡಾ ಎಂದು ಓಡಾಡಿದವನು, ಲಾಗ್ ಬರೆಯುವ ಒಂದು ಲೈಬ್ರರಿ ಎಲ್ಲಿ ಕೂತಿದೆ ಎಂದು ಹೇಳಲಾಗದೆ ಕೂತಿದ್ದೆ. ಮರುದಿನ ಬೆಳಿಗ್ಗೆ ಐದು ವೆಂಡರ್‌ಗಳಿಗೆ ಮೇಲ್ ಹೋಯಿತು. ಒಬ್ಬರಿಂದ ಒಂದೇ ಗಂಟೆಯಲ್ಲಿ ಉತ್ತರ: ‘ನಮ್ಮಲ್ಲಿ ಇಲ್ಲವೇ ಇಲ್ಲ.’ ಹನ್ನೆರಡು ದಿನ ಬಿಟ್ಟು ಅದೇ ಪುಣ್ಯಾತ್ಮರಿಂದ ಇನ್ನೊಂದು ಮೇಲ್: ‘ಪರಿಶೀಲಿಸಿದೆವು, ಇದೆ.’ ಕೊನೆಗೆ ಅದು ಸಿಕ್ಕಿದ್ದು ಸ್ಕಾಡಾದಲ್ಲಲ್ಲ, ಯುಪಿಎಸ್ ಮೇಲೆ ಕಣ್ಣಿಡುವ ಒಂದು ಸಣ್ಣ ತಂತ್ರಾಂಶದಲ್ಲಿ. ಅದನ್ನು ಹಾಕಿದ್ದೇವೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಆ ಹನ್ನೆರಡು ದಿನ ಪ್ಲಾಂಟ್ ಓಡುತ್ತಲೇ ಇತ್ತು, ಏನೂ ಆಗಲಿಲ್ಲ, ಅದು ದೇವರ ದಯೆ. ಸರಿಯಾದ ಪಟ್ಟಿ ಇದ್ದಿದ್ದರೆ ಅನ್ನ ತಣ್ಣಗಾಗುವುದರೊಳಗೆ ಉತ್ತರ ಹೇಳಬಹುದಿತ್ತು.

ನಿಮ್ಮ ಮ್ಯಾನೇಜರ್ ‘ನಮ್ಮದು 20 ಮೆಗಾವ್ಯಾಟ್, ನಮ್ಮನ್ಯಾರು ಕೇಳ್ತಾರ’ ಎನ್ನಬಹುದು. ನ್ಯಾಯವಾದ ಮಾತೇ. 2024ರ ಮೇ 30ರಂದು ದೇಶದ ವಿದ್ಯುತ್ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿತು. ಅದರ ಮುಂದೆ ನಿಮ್ಮ ಪ್ಲಾಂಟ್ ಹೊಲದ ಬದುವಿನ ಮೇಲಿನ ಒಂದು ಜಾಲಿ ಗಿಡ. ಆದರೆ ನಿಮ್ಮಲ್ಲಿರುವ ಇನ್ವರ್ಟರ್ ಮಾಡೆಲ್ ನಿಮ್ಮೊಬ್ಬರಲ್ಲೇ ಇಲ್ಲ. ಅದೇ ಫರ್ಮ್‌ವೇರ್, ಅದೇ ಲಾಗರ್, ಅದೇ ಲೈಬ್ರರಿ ಬೇರೆ ಜಿಲ್ಲೆ, ಬೇರೆ ರಾಜ್ಯಗಳ ಎಷ್ಟೋ ಪ್ಲಾಂಟ್‌ಗಳಲ್ಲಿದೆ. ಹಿಂದೆ ಒಂದು ರಿಲೇ ಕೆಟ್ಟರೆ ಒಂದು ಫೀಡರ್ ಹೋಗುತ್ತಿತ್ತು. ಈಗ ಒಂದು ದೋಷ ಒಂದೇ ಹೊತ್ತಿಗೆ ಎಲ್ಲ ಕಡೆ ಇರುತ್ತದೆ. ಗ್ರಿಡ್‌ನ ಆವರ್ತನವನ್ನು 49.90ರಿಂದ 50.05 ಹರ್ಟ್ಸ್‌ನೊಳಗೆ ಹಿಡಿದಿಡಲು ಲೋಡ್ ಡಿಸ್ಪ್ಯಾಚ್ ಸೆಂಟರ್‌ನವರು ಎಷ್ಟು ಒದ್ದಾಡುತ್ತಾರೆಂದು ಎಲೆಕ್ಟ್ರಿಕಲ್ ಓದಿದ ನಿಮಗೆ ನಾನು ಹೇಳಬೇಕಿಲ್ಲ. ದೂರದಿಂದ ಆನ್-ಆಫ್ ಮಾಡಬಲ್ಲ ಸಾವಿರಾರು ಪೆಟ್ಟಿಗೆಗಳು ಒಟ್ಟಿಗೆ ಕೈಕೊಟ್ಟರೆ ಆ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ನೀವೇ ಊಹಿಸಿ.

ಇನ್ನು ಕೀಲಿಯ ಮಾತು. ಈ ಪ್ರಶ್ನೆ ಕೇಳಿದವರಲ್ಲಿ ನೀವು ಮೊದಲಿಗರಲ್ಲ, ವೆಂಡರ್‌ಗಳು ಇದನ್ನೇ ಮುಂದೆ ಹಿಡಿದು ತಪ್ಪಿಸಿಕೊಳ್ಳುತ್ತಾರೆ. ಮೊದಲನೆಯದಾಗಿ, ಎಸ್‌ಬಿಒಎಂ ಅಂದರೆ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಅಲ್ಲ. ಎಣ್ಣೆಗಾಯಿ ಮಾಡಲು ಬದನೆ, ಶೇಂಗಾ, ಎಳ್ಳು ಹಾಕುತ್ತಾರೆ ಎಂದು ಹೇಳಿದ ಮಾತ್ರಕ್ಕೆ ನಿಮ್ಮ ಅವ್ವನ ಕೈರುಚಿ ಪಕ್ಕದ ಮನೆಗೆ ಹೋಗುವುದಿಲ್ಲ. ಎರಡನೆಯದಾಗಿ, ಕಳ್ಳನಿಗೆ ನಿಮ್ಮ ಪಟ್ಟಿ ಬೇಕಾಗಿಯೇ ಇಲ್ಲ. ಅವನು ಅದೇ ಮಾಡೆಲ್‌ನ ಒಂದು ಲಾಗರ್ ಕೊಂಡು, ಫರ್ಮ್‌ವೇರ್ ಇಳಿಸಿಕೊಂಡು, ಬಿಡಿಸಿ ನೋಡುತ್ತಾನೆ. ಅವನಿಗೆ ಬೇಕಾದಷ್ಟು ಸಮಯವಿದೆ, ಸಲಕರಣೆ ಇವೆ. ಪಟ್ಟಿ ಇಲ್ಲದೆ ಕತ್ತಲಲ್ಲಿ ಇರುವವರು ನೀವೊಬ್ಬರೇ. ಹಾಗಂತ ಅದನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಬೇಡಿ. ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿ, ಬೇಕಾದ ಮೂವರ ಕೈಯಲ್ಲಿ ಮಾತ್ರ ಇರಲಿ. ವೆಂಡರ್‌ಗೆ ಇದು ಸಾಕಾಗಬೇಕು.

ಇಲ್ಲಿ ಒಂದು ಸಣ್ಣ ಉಪಾಯ ಹೇಳಿಕೊಡುತ್ತೇನೆ. ಉಚಿತ ತಂತ್ರಾಂಶಗಳ ಲೈಸೆನ್ಸ್‌ಗಳಲ್ಲಿ ಬಹಳಷ್ಟಕ್ಕೆ ‘ನಮ್ಮ ಹೆಸರು ಹೇಳಬೇಕು’ ಎಂಬ ಷರತ್ತು ಇರುತ್ತದೆ. ಅದಕ್ಕೇ ಇನ್ವರ್ಟರ್‌ನ ವೆಬ್ ಪುಟದಲ್ಲೋ, ಮೊಬೈಲ್ ಆ್ಯಪ್‌ನ ‘ಅಬೌಟ್’ನಲ್ಲೋ, ಮ್ಯಾನ್ಯುಯಲ್‌ನ ಕಟ್ಟಕಡೆಯ ಪುಟಗಳಲ್ಲೋ ‘ಓಪನ್ ಸೋರ್ಸ್ ಲೈಸೆನ್ಸಸ್’ ಎಂಬ ಉದ್ದನೆಯ ಪಟ್ಟಿ ತುಂಬಾ ಸಲ ಇದ್ದೇ ಇರುತ್ತದೆ. ಯಾರೂ ಓದುವುದಿಲ್ಲ. ನೀವು ಓದಿ. ಹನ್ನೊಂದು ಹೆಸರು ಕೊಟ್ಟು ಉಳಿದದ್ದು ಗುಟ್ಟು ಎಂದವರು ತಮ್ಮದೇ ಮ್ಯಾನ್ಯುಯಲ್‌ನಲ್ಲಿ ಅರವತ್ತು ಹೆಸರು ಅಚ್ಚು ಹಾಕಿಸಿರುವುದನ್ನು ನಾನು ನೋಡಿದ್ದೇನೆ. ಆ ಪುಟದ ಫೋಟೊ ಹಚ್ಚಿ ‘ಇವು ನಿಮ್ಮ ಪಟ್ಟಿಯಲ್ಲಿ ಯಾಕಿಲ್ಲ?’ ಎಂದು ವಿನಯದಿಂದ ಕೇಳಿ. ಆಮೇಲೆ ಗುಟ್ಟಿನ ಮಾತು ಬರುವುದು ಕಡಿಮೆ.

ಕಾನೂನಿನ ಬಲ ನಿಮ್ಮ ಕಡೆ ಎಷ್ಟಿದೆ? ಸಾಕಷ್ಟಿದೆ. 2020ರ ಜುಲೈ 2ರ ವಿದ್ಯುತ್ ಸಚಿವಾಲಯದ ಆದೇಶ, ವಿದ್ಯುತ್ ಜಾಲಕ್ಕೆ ಆಮದಾಗುವ ಉಪಕರಣ, ಬಿಡಿಭಾಗಗಳಲ್ಲಿ ದುಷ್ಟ ತಂತ್ರಾಂಶ ಅಡಗಿದೆಯೇ ಎಂದು ಪರೀಕ್ಷಿಸಬೇಕು ಎನ್ನುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೈಬರ್ ಭದ್ರತಾ ಮಾರ್ಗಸೂಚಿ ಬರೀ ವಿದ್ಯುತ್ ಕಂಪನಿಗಳನ್ನಲ್ಲ, ಉಪಕರಣ ತಯಾರಕರು, ಪೂರೈಕೆದಾರರು, ಸಿಸ್ಟಂ ಇಂಟಿಗ್ರೇಟರ್‌ಗಳನ್ನೂ ಹೆಸರಿಸಿ ಒಳಗೆ ತರುತ್ತದೆ, ನಂಬಲರ್ಹ ಮೂಲದಿಂದಲೇ ಖರೀದಿ ಎನ್ನುತ್ತದೆ. ಎಸ್‌ಬಿಒಎಂ ಬಗ್ಗೆ ನೇರವಾಗಿ ಮಾತಾಡಿರುವುದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್. 2024ರ ಅಕ್ಟೋಬರ್‌ನಲ್ಲಿ ಮೊದಲ ತಾಂತ್ರಿಕ ಮಾರ್ಗಸೂಚಿ ಬಂತು, 2025ರ ಜುಲೈನಲ್ಲಿ ಎರಡನೇ ಆವೃತ್ತಿಯಲ್ಲಿ ಹಾರ್ಡ್‌ವೇರ್ ಪಟ್ಟಿ, ಗೂಢಲಿಪಿ ಪಟ್ಟಿ, ಎಐ ಪಟ್ಟಿ ಎಂದು ವಿಸ್ತರಿಸಿದರು. ಅದು ಸರ್ಕಾರಿ, ಸಾರ್ವಜನಿಕ ವಲಯ ಮತ್ತು ಅಗತ್ಯ ಸೇವೆಯ ಸಂಸ್ಥೆಗಳನ್ನು ಉದ್ದೇಶಿಸಿದ್ದು. ನಿಮ್ಮ ಆಡಿಟ್‌ನವರ ಬಾಯಲ್ಲಿ ಈ ಪದ ಬಂದದ್ದು ಬಹುಶಃ ಅಲ್ಲಿಂದಲೇ.

ಇವೆಲ್ಲಕ್ಕಿಂತ ವೆಂಡರ್‌ನ ಮೇಲೆ ಕೆಲಸ ಮಾಡುವ ವಾದ ಬೇರೆ ಇದೆ. ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರ್ 10ರಂದು ಜಾರಿಗೆ ಬಂದಿದೆ. ಅದರ ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ ಅನ್ವಯ, ಅದರಲ್ಲಿ ಎಸ್‌ಬಿಒಎಂ ಸಿದ್ಧಪಡಿಸುವುದೂ ಒಂದು. ನಿಮ್ಮ ಇನ್ವರ್ಟರ್ ತಯಾರಕರು ಯುರೋಪಿಗೂ ಮಾರುತ್ತಾರೆ. ಅಲ್ಲಿಗಾಗಿ ಮಾಡಲೇಬೇಕಾದ ಪಟ್ಟಿಯನ್ನು ಸುರಪುರಕ್ಕೆ ಕೊಡಲು ಏನು ಕಷ್ಟ ಎಂದು ಕೇಳಿ.

ಈಗ ಏನನ್ನು ಕೇಳಬೇಕು ಎಂಬುದು. ಅಮೆರಿಕದಲ್ಲಿ 2021ರ ಮೇನಲ್ಲಿ ಅಧ್ಯಕ್ಷರ ಆದೇಶ ಬಂದ ಮೇಲೆ, ಅದೇ ಜುಲೈನಲ್ಲಿ ಅಲ್ಲಿನ ಎನ್‌ಟಿಐಎ ಎಂಬ ಸಂಸ್ಥೆ ಕನಿಷ್ಠ ಏಳು ವಿವರ ಗೊತ್ತುಮಾಡಿತು: ಪೂರೈಕೆದಾರ, ಘಟಕದ ಹೆಸರು, ಆವೃತ್ತಿ, ಗುರುತಿನ ಸಂಖ್ಯೆ, ಯಾವುದು ಯಾವುದನ್ನು ಅವಲಂಬಿಸಿದೆ, ಪಟ್ಟಿ ಮಾಡಿದವರು, ದಿನಾಂಕ-ಸಮಯ. ಈ ಏಳರಲ್ಲಿ ಐದನೆಯದೇ ಜೀವಾಳ. ಟ್ರೆಕ್ ಅಂಥದ್ದು ಮೂರನೇ ನಾಲ್ಕನೇ ಪದರದಲ್ಲಿ ಅಡಗಿರುತ್ತದೆ, ಮೇಲಿನ ಪದರ ಮಾತ್ರ ಕೊಟ್ಟರೆ ಅದು ಕಾಣುವುದಿಲ್ಲ. ಕೆಳಗಿನ ಪದರ ವೆಂಡರ್‌ಗೇ ಗೊತ್ತಿಲ್ಲದಿದ್ದರೆ ‘ಇಲ್ಲಿಂದ ಕೆಳಗೆ ನಮಗೆ ಗೊತ್ತಿಲ್ಲ’ ಎಂದು ಬರೆದು ಕೊಡಲಿ. ಅದು ಅವಮಾನವಲ್ಲ. ‘ಇತರೆ’ ಎಂದು ಬರೆಯುವುದಕ್ಕಿಂತ ಎಷ್ಟೋ ಮೇಲು.

ಪಿಡಿಎಫ್ ಬೇಡ. ಎಸ್‌ಪಿಡಿಎಕ್ಸ್ ಅಥವಾ ಸೈಕ್ಲೋನ್‌ಡಿಎಕ್ಸ್, ಈ ಎರಡರಲ್ಲಿ ಒಂದು ನಮೂನೆಯ ಫೈಲ್ ಕೇಳಿ. ಮೊದಲನೆಯದು 2021ರಲ್ಲೇ ಐಎಸ್‌ಒ ಮಾನಕವಾಗಿದೆ. ಕಂಪ್ಯೂಟರ್ ಓದಬಲ್ಲ ಫೈಲ್ ಇದ್ದರೆ ಡಿಪೆಂಡೆನ್ಸಿ-ಟ್ರ್ಯಾಕ್‌ನಂಥ ಉಚಿತ ತಂತ್ರಾಂಶಕ್ಕೆ ಅದನ್ನು ಹಾಕಬಹುದು. ಅದು ನೇರವಾಗಿ ಓದುವುದು ಸೈಕ್ಲೋನ್‌ಡಿಎಕ್ಸ್ ಅನ್ನು, ಎಸ್‌ಪಿಡಿಎಕ್ಸ್ ಬಂದರೆ ಮೊದಲು ಆ ನಮೂನೆಗೆ ಬದಲಿಸಿಕೊಳ್ಳಬೇಕು. ಹೊಸ ದೋಷ ಪ್ರಕಟವಾದಾಗ ಅದು ತಾನೇ ಹೋಲಿಸಿ ‘ನಿಮ್ಮ ಲಾಗರ್‌ನಲ್ಲಿ ಇದಿದೆ’ ಎನ್ನುತ್ತದೆ. ಹನ್ನೊಂದನೇ ಕಾಲಂ ತುಂಬುವ ತಲಾಟಿ ಅದೇ. ಆಫೀಸಿನ ಕಂಪ್ಯೂಟರ್‌ನಲ್ಲಿ ಹಾಕಿ, ದಯವಿಟ್ಟು ಸ್ಕಾಡಾ ನೆಟ್‌ವರ್ಕ್‌ನೊಳಗೆ ತರಬೇಡಿ. ಅದು ಎಚ್ಚರಿಸಿದ್ದೆಲ್ಲ ಅಪಾಯವೂ ಅಲ್ಲ. ಲೈಬ್ರರಿ ಇರುತ್ತದೆ, ಆದರೆ ದೋಷವಿರುವ ಭಾಗವನ್ನು ಇನ್ವರ್ಟರ್ ಬಳಸುತ್ತಲೇ ಇರುವುದಿಲ್ಲ. ‘ಈ ದೋಷ ನಮಗೆ ತಟ್ಟುತ್ತದೆ, ತಟ್ಟುವುದಿಲ್ಲ, ಕಾರಣ ಇದು’ ಎಂದು ತಯಾರಕರು ಕೊಡುವ ಹೇಳಿಕೆಗೆ ವೆಕ್ಸ್ ಎನ್ನುತ್ತಾರೆ. ಅದನ್ನೂ ಒಪ್ಪಂದದಲ್ಲಿ ಸೇರಿಸಿ, ಎಷ್ಟು ದಿನದೊಳಗೆ ಕೊಡಬೇಕು ಎಂದು ಸಂಖ್ಯೆ ಹಾಕಿಸಿ. ಪ್ರತಿ ಫರ್ಮ್‌ವೇರ್ ಅಪ್ಡೇಟ್ ಜೊತೆ ಹೊಸ ಪಟ್ಟಿ ಬರಬೇಕು ಎಂಬುದನ್ನೂ. ಇವೆಲ್ಲ ಹಣ ಪಾವತಿಯ ಕೊನೆಯ ಕಂತಿಗೆ ಮುಂಚೆ ಆಗಬೇಕು. ಕೊನೆಯ ಕಂತು ಹೋದ ಮೇಲೆ ವೆಂಡರ್ ಫೋನ್ ಎತ್ತುವುದು ಅವರ ದೊಡ್ಡತನ.

ನಿಮ್ಮ ಕಡೆಯ ಕೆಲಸವೂ ಇದೆ, ಅದನ್ನು ಯಾವ ವೆಂಡರ್ ಮಾಡಿಕೊಡುವುದಿಲ್ಲ. ಯಾವ ಇನ್ವರ್ಟರ್‌ನಲ್ಲಿ ಯಾವ ಫರ್ಮ್‌ವೇರ್ ಇದೆ? ಇದನ್ನು ಬರೆದಿಟ್ಟ ಪ್ಲಾಂಟ್‌ಗಳನ್ನು ನಾನು ನೋಡಿರುವುದು ಕಡಿಮೆ. ಸಿಂಗಲ್ ಲೈನ್ ಡಯಾಗ್ರಾಂ ಗೋಡೆಗೆ ಅಂಟಿಸಿರುತ್ತಾರೆ, ರಿಲೇ ಸೆಟ್ಟಿಂಗ್ ರಿಜಿಸ್ಟರ್ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಎಣ್ಣೆ ಪರೀಕ್ಷೆಯ ವರದಿ ಇರುತ್ತದೆ. ಫರ್ಮ್‌ವೇರ್ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ. ಹತ್ತು ಇನ್ವರ್ಟರ್‌ಗಳಲ್ಲಿ ಮೂರಕ್ಕೆ ಸರ್ವಿಸ್ ಹುಡುಗ ಬಂದು ಹೊಸದು ಹಾಕಿ ಹೋಗಿರುತ್ತಾನೆ, ಏಳು ಹಳೆಯವು. ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಯಂತ್ರಕ್ಕೆ ಹೊಂದದಿದ್ದರೆ ಅದು ಇನ್ನೊಬ್ಬರ ಸರ್ವೆ ನಂಬರಿನ ಪಹಣಿ. ಈ ಕೆಲಸಕ್ಕೆ ಸಾಫ್ಟ್‌ವೇರ್ ಓದಿರಬೇಕಾಗಿಲ್ಲ, ಒಂದು ರಿಜಿಸ್ಟರ್ ಮತ್ತು ಎರಡು ದಿನ ಸಾಕು.

ಹಾಗೆ ಸುತ್ತುವಾಗ ಪ್ಯಾನೆಲ್ ಬಾಗಿಲು ತೆಗೆದು ಒಳಗೂ ನೋಡಿ. 2025ರ ಮೇನಲ್ಲಿ ರಾಯಿಟರ್ಸ್ ಒಂದು ಸುದ್ದಿ ಮಾಡಿತ್ತು: ಚೀನಾದಿಂದ ಬಂದ ಕೆಲವು ಇನ್ವರ್ಟರ್‌ಗಳಲ್ಲಿ, ದಾಖಲೆಯಲ್ಲಿ ಹೇಳಿರದ ಸಂಪರ್ಕ ಸಾಧನಗಳು ಅಮೆರಿಕದ ತಜ್ಞರಿಗೆ ಸಿಕ್ಕಿವೆ ಎಂದು. ಅಂಥದ್ದು ನಿಮ್ಮಲ್ಲಿದೆ ಎನ್ನುತ್ತಿಲ್ಲ. ಆದರೆ ನಕ್ಷೆಯಲ್ಲಿಲ್ಲದ ಆ್ಯಂಟೆನಾ, ಲೆಕ್ಕದಲ್ಲಿಲ್ಲದ ಸಿಮ್ ಕಾರ್ಡ್ ಸಾಫ್ಟ್‌ವೇರ್ ಪಟ್ಟಿಯಲ್ಲಿ ಕಾಣುವುದಿಲ್ಲ, ಟಾರ್ಚ್ ಹಿಡಿದರೆ ಕಾಣುತ್ತದೆ. ಸಿಮ್ ಸಿಕ್ಕರೆ ಅದು ಯಾರ ಹೆಸರಲ್ಲಿದೆ, ಯಾರು ರೀಚಾರ್ಜ್ ಮಾಡುತ್ತಿದ್ದಾರೆ ಎಂದು ಕೇಳಿ. ಹೆಚ್ಚಿನ ಸಲ ಉತ್ತರ ಸರಳವಾಗಿರುತ್ತದೆ, ಹಿಂದಿನ ಕಾಂಟ್ರಾಕ್ಟರ್ ಬಿಟ್ಟುಹೋದದ್ದು. ಅದೂ ಒಂದು ತೆರೆದ ಬಾಗಿಲೇ.

ಪಟ್ಟಿಯಿಂದ ಆಗದ ಕೆಲಸವನ್ನೂ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. 2020ರ ಡಿಸೆಂಬರ್‌ನಲ್ಲಿ ಸೋಲಾರ್‌ವಿಂಡ್ಸ್ ಪ್ರಕರಣ ಹೊರಬಿತ್ತು. (ಹೆಸರು ಕೇಳಿ ನಮ್ಮ ಕ್ಷೇತ್ರದ್ದು ಅನ್ನಬೇಡಿ, ಅದು ನೆಟ್‌ವರ್ಕ್ ನಿಗಾ ತಂತ್ರಾಂಶದ ಕಂಪನಿ.) ದಾಳಿಕೋರರು ಕಂಪನಿಯ ಒಳಗೇ ಹೊಕ್ಕು, ತಂತ್ರಾಂಶ ಕಟ್ಟುವ ಹಂತದಲ್ಲಿ ವಿಷ ಬೆರೆಸಿದರು. ಕಂಪನಿಯದೇ ಸಹಿ ಹೊತ್ತ ಅಪ್ಡೇಟ್ ಸುಮಾರು 18,000 ಗ್ರಾಹಕರಿಗೆ ಹೋಯಿತು. ಉತ್ತರ ಅಮೆರಿಕದ ವಿದ್ಯುತ್ ಜಾಲದ ನಿಯಂತ್ರಕ ನರ್ಕ್ ವಿಚಾರಿಸಿದಾಗ, ಕಾಲು ಭಾಗದಷ್ಟು ವಿದ್ಯುತ್ ಸಂಸ್ಥೆಗಳಲ್ಲಿ ಆ ಅಪ್ಡೇಟ್ ಇಳಿದಿತ್ತು. ಎಸ್‌ಬಿಒಎಂ ಇದ್ದಿದ್ದರೂ ಅದರಲ್ಲಿ ವಿಷ ಎಂಬ ಸಾಲು ಇರುತ್ತಿರಲಿಲ್ಲ. 2014ರಲ್ಲಿ ಬೆಳಕಿಗೆ ಬಂದ ಹ್ಯಾವೆಕ್ಸ್ ಎಂಬ ದುಷ್ಟ ತಂತ್ರಾಂಶದ ದಾಳಿಯಲ್ಲಂತೂ ಕೈಗಾರಿಕಾ ಉಪಕರಣ ಕಂಪನಿಗಳ ವೆಬ್‌ಸೈಟಿನಲ್ಲಿದ್ದ ಇನ್‌ಸ್ಟಾಲರ್‌ಗಳನ್ನೇ ಬದಲಿಸಿ ಇಟ್ಟಿದ್ದರು. ಇಂಧನ ಕ್ಷೇತ್ರವೇ ಅವರ ಗುರಿ. ಹ್ಯಾವೆಕ್ಸ್‌ನಂಥದ್ದಕ್ಕೆ ಮದ್ದು ಬೇರೆ: ಇಳಿಸಿಕೊಂಡ ಫೈಲ್‌ನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಮತ್ತು ಡಿಜಿಟಲ್ ಸಹಿ ತಾಳೆ ನೋಡುವುದು, ಸರ್ವಿಸ್ ಹುಡುಗನ ಪೆನ್‌ಡ್ರೈವ್ ನೇರ ಹಚ್ಚಲು ಬಿಡದಿರುವುದು.

ನಡುವಿನ ಒಂದು ಪ್ರಕರಣವೂ ಇದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಉಚಿತ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋಗಿ ಹಿಡಿದದ್ದು. ಕೆಟ್ಟಿದ್ದು 5.6.0 ಮತ್ತು 5.6.1, ಈ ಎರಡೇ ಆವೃತ್ತಿ. ಆವೃತ್ತಿ ಸಂಖ್ಯೆ ಇರುವ ಪಟ್ಟಿ ಇದ್ದವರು ಐದು ನಿಮಿಷದಲ್ಲಿ ನಿರುಮ್ಮಳವಾದರು. ‘ಎಕ್ಸ್‌ಝಡ್ ಇದೆ’ ಎಂದಷ್ಟೇ ಗೊತ್ತಿದ್ದವರು ವಾರಾಂತ್ಯ ಹಾಳು ಮಾಡಿಕೊಂಡರು. ಹಳೆಯ ಆವೃತ್ತಿ ಇಟ್ಟುಕೊಂಡವರೇ ಆ ದಿನ ಬಚಾವಾದರು ಎಂಬುದೂ ನಿಜ. ಈ ಮಾತನ್ನು ನಿಮ್ಮ ಮ್ಯಾನೇಜರ್‌ಗೆ ಹೇಳಬೇಡಿ, ಅಪ್ಡೇಟ್‌ಗೆ ದುಡ್ಡು ಕೇಳಿದಾಗಲೆಲ್ಲ ಅದನ್ನೇ ತೆಗೆಯುತ್ತಾರೆ.

ದೋಷ ಇದೆ ಎಂದು ಗೊತ್ತಾದ ತಕ್ಷಣ ಹೊಸ ಫರ್ಮ್‌ವೇರ್ ಸುರಿಯುವುದೂ ಬೇಡ. ಮೊದಲು ಒಂದೇ ಇನ್ವರ್ಟರ್‌ಗೆ ಹಾಕಿ ವಾರ ನೋಡಿ. ಥರ್ಮಲ್ ಸ್ಥಾವರದವರಿಗೆ ಶಟ್‌ಡೌನ್‌ಗಾಗಿ ಕಾಯಬೇಕು, ನಿಮಗೆ ಸೂರ್ಯ ದಿನಾ ಸಂಜೆ ಶಟ್‌ಡೌನ್ ಕೊಡುತ್ತಾನೆ. ಆದರೆ ಕತ್ತಲಾದ ಮೇಲೆ ಡಿಸಿ ಇರುವುದಿಲ್ಲ, ಕೆಲವು ಮಾಡೆಲ್‌ಗಳ ನಿಯಂತ್ರಣ ಬೋರ್ಡ್ ಡಿಸಿಯಿಂದಲೇ ನಡೆಯುತ್ತದೆ, ಅಂಥವಕ್ಕೆ ಎಳೆ ಬಿಸಿಲಲ್ಲಿ ಬೆಳಿಗ್ಗೆಯೇ ಮಾಡಬೇಕು. ಅಪ್ಡೇಟ್ ಬರುವ ತನಕ ದೋಷವಿರುವ ಪೋರ್ಟ್ (ನೆಟ್‌ವರ್ಕ್‌ನ ಬಾಗಿಲು) ಮುಚ್ಚಿ, ವೆಂಡರ್‌ನ ದೂರಸಂಪರ್ಕವನ್ನು ಅವರು ಕೇಳಿದಾಗ ಮಾತ್ರ ತೆರೆಯಿರಿ. ನಿಜವಾಗಿ ಏನಾದರೂ ಘಟಿಸಿದ್ದು ಗಮನಕ್ಕೆ ಬಂದರೆ 2022ರ ಏಪ್ರಿಲ್ 28ರ ನಿರ್ದೇಶನದಂತೆ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಆರು ಗಂಟೆಯಲ್ಲಿ ಐದು ಗಂಟೆ ‘ನಮ್ಮಲ್ಲಿ ಅದು ಐತೇನ್ರಿ’ ಎನ್ನುವುದಕ್ಕೇ ಹೋಗಬಾರದು.

ಮ್ಯಾನೇಜರ್ ಸಾಹೇಬರನ್ನು ಒಪ್ಪಿಸುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಾದ ಮಾಡಬೇಡಿ. ಒಂದು ಮಧ್ಯಾಹ್ನ ಚಹಾದ ಹೊತ್ತಿಗೆ ‘ಸರ್, ಓಪನ್‌ಎಸ್‌ಎಸ್‌ಎಲ್‌ನಲ್ಲಿ ದೋಷ ಬಂದಿದೆ ಎಂದಿಟ್ಟುಕೊಳ್ಳೋಣ, ನಮ್ಮ ಯಾವ ಯಾವ ಯಂತ್ರದಲ್ಲಿ ಅದಿದೆ, ಹತ್ತು ನಿಮಿಷದಲ್ಲಿ ಹೇಳೋಣ ಬನ್ನಿ’ ಎಂದು ಆ ಹನ್ನೊಂದು ಹೆಸರಿನ ಪಿಡಿಎಫ್ ಅವರ ಮುಂದಿಡಿ. ಚಹಾ ಮುಗಿಯುವಷ್ಟರಲ್ಲಿ ಅವರೇ ವೆಂಡರ್‌ಗೆ ಫೋನ್ ಹಚ್ಚುತ್ತಾರೆ.

ಆ ಪಿಡಿಎಫ್ ಎಸೆಯಬೇಡಿ. ಬಂದ ದಿನಾಂಕ ಬರೆದು ಇಟ್ಟುಕೊಳ್ಳಿ. ಸರಿಯಾದ ಫೈಲ್ ಬಂದ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ಎಣಿಸಿ, ಹನ್ನೊಂದು ಎಷ್ಟಾಯಿತೆಂದು ನನಗೂ ಒಂದು ಸಾಲು ಬರೆಯಿರಿ. ‘ಇತರೆ’ ಒಳಗೆ ಯಾರ್ಯಾರಿದ್ದರು ಎಂದು ತಿಳಿಯುವ ಕುತೂಹಲ ನನಗಿದೆ.